ನಲಿ-ಕಲಿ ಕೊಠಡಿಗೆ ಟ್ಯಾಬ್ ಬಂದಾಗ

ಪ್ರಶ್ನೆ: ನಾನು ಸೋಮವಾರಪೇಟೆ ತಾಲ್ಲೂಕಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಐದು ತರಗತಿಗಳಿಗೆ ನಾವಿಬ್ಬರೇ. ಒಂದರಿಂದ ಮೂರನೇ ತರಗತಿಯ 16 ಮಕ್ಕಳಿರುವ ನಲಿ-ಕಲಿ ಕೊಠಡಿ ನನ್ನದು; ಅಲ್ಲಿ ಮಕ್ಕಳು ಕಾರ್ಡುಗಳನ್ನು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಾರೆ. ಕಳೆದ ವರ್ಷ ಊರಿನ ತೋಟದ ಮಾಲೀಕರೊಬ್ಬರು ಶಾಲೆಗೆ ಎಂಟು ಟ್ಯಾಬ್‌ಗಳನ್ನೂ ಒಂದು ದೊಡ್ಡ ಟಿ.ವಿ.ಯನ್ನೂ ಕೊಟ್ಟರು. ಟ್ಯಾಬ್‌ಗಳಲ್ಲಿ ಒಂದು ಕಲಿಕಾ ಆ್ಯಪ್ ಇತ್ತು. ಮಗುವಿನ ಉತ್ತರಗಳನ್ನು ನೋಡಿ ಮುಂದಿನ ಚಟುವಟಿಕೆಯನ್ನು ಅದೇ ಕೊಡುತ್ತದೆ. ಈಗ ಕೊಠಡಿಯಲ್ಲಿ ಗಲಾಟೆಯಿಲ್ಲ, ಪೋಷಕರಿಗೂ ಸಂತೋಷವಾಗಿದೆ. ಆದರೆ ‘ತಟ್ಟೆ’ ಎಂದು ನಾವು ಕರೆಯುವ ಗುಂಪುಗಳಲ್ಲಿ ಒಟ್ಟಿಗೆ ಕುಳಿತು ಜಗಳವಾಡುತ್ತ ಕಲಿಯುತ್ತಿದ್ದ ಮಕ್ಕಳು ಈಗ ತಲೆ ತಗ್ಗಿಸಿ ಕುಳಿತಿರುವುದನ್ನು ನೋಡಿದರೆ ನನಗೇಕೋ ಸಮಾಧಾನವಾಗುವುದಿಲ್ಲ. ಇವನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಿಬಿಡಲೇ? ಹಾಗೆ ಮಾಡಿದರೆ ದಾನಿಗಳಿಗೂ ಪೋಷಕರಿಗೂ ಏನೆಂದು ಹೇಳಲಿ?

ಉತ್ತರ: ಬೀಗ ಹಾಕಬೇಡಿ. ಆದರೆ ಮುಂದೇನು ಎಂಬುದನ್ನು ತಾನೇ ತೀರ್ಮಾನಿಸುವ ಆ ಆ್ಯಪ್ ಅನ್ನು ಎಂಟೂ ಟ್ಯಾಬ್‌ಗಳಿಂದ ತೆಗೆದುಹಾಕಿ. ಕ್ಯಾಮೆರಾ, ಧ್ವನಿಮುದ್ರಣ, ಚಿತ್ರ ಬಿಡಿಸಲು ಒಂದು ಖಾಲಿ ಪುಟ, ಲೆಕ್ಕದ ಹಾಳೆ (ಸ್ಪ್ರೆಡ್‌ಶೀಟ್), ಇಷ್ಟು ಉಳಿದರೆ ಕಿರಿಯ ಪ್ರಾಥಮಿಕ ಶಾಲೆಯೊಂದಕ್ಕೆ ಬೇಕಾದಷ್ಟಾಯಿತು. ನಿಮ್ಮ ಅಸಮಾಧಾನಕ್ಕೆ ಕಾರಣವಿದೆ, ಮತ್ತು ಆ ಕಾರಣ ನಿಮ್ಮ ಕೊಠಡಿಯ ಗೋಡೆಯ ಮೇಲೆಯೇ ಇದೆ.

ನಾಗರಹೊಳೆಯ ಆಚೆಗಿರುವ ಎಚ್.ಡಿ. ಕೋಟೆ ತಾಲ್ಲೂಕಿನ ಶಿಕ್ಷಕರು 1995ರಲ್ಲಿ ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ ಆರಂಭಿಸಿದ ನಲಿ-ಕಲಿ 2009-10ರ ವೇಳೆಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು. ಇದನ್ನು ಪೂರ್ಣ ಅರ್ಥದಲ್ಲಿ ಮಗುವೇ ಮುನ್ನಡೆಸುವ ತರಗತಿ ಎನ್ನಲು ನನಗೆ ಸಂಕೋಚವಿದೆ. ಏಕೆಂದರೆ ಕಲಿಕಾ ಏಣಿಯನ್ನು ಕಟ್ಟಿದವರು ದೊಡ್ಡವರು, ಮೆಟ್ಟಿಲುಗಳ ಕ್ರಮವನ್ನು ನಿಗದಿಪಡಿಸಿದವರೂ ದೊಡ್ಡವರೇ. ಆದರೆ ಏಣಿ ಎಲ್ಲರ ಕಣ್ಣಿಗೆ ಕಾಣುವಂತೆ ಗೋಡೆಯ ಮೇಲಿರುತ್ತದೆ. ಮಗು ತಾನೇ ಎದ್ದು ಹೋಗಿ, ತಾನಿರುವ ಮೆಟ್ಟಿಲನ್ನು ಬೆರಳಿಟ್ಟು ನೋಡಿ, ಅಲ್ಲಿನ ಚಿಹ್ನೆಯನ್ನು ಗುರುತಿಸಿ, ಅದೇ ಚಿಹ್ನೆಯ ಕಾರ್ಡನ್ನು ಹುಡುಕಿ ತೆಗೆದು, ಯಾವ ತಟ್ಟೆಯಲ್ಲಿ ಕೂರಬೇಕೆಂದು ತಿಳಿದು ಕೂರುತ್ತದೆ. ಮುಗಿದ ಮೇಲೆ ‘ಪ್ರಗತಿ ನೋಟ’ ಎಂಬ ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳುತ್ತದೆ. ಆರು ವರ್ಷದ ಮಗುವೊಂದು ‘ನಾನು ಇಲ್ಲಿದ್ದೇನೆ, ಇನ್ನು ಅಲ್ಲಿಗೆ ಹೋಗಬೇಕು’ ಎಂದು ತನ್ನ ಕಲಿಕೆಯನ್ನೇ ದೂರದಿಂದ ನೋಡುವುದು ಸಣ್ಣ ಸಂಗತಿಯಲ್ಲ. ನಿಮ್ಮ ಆ್ಯಪ್ ಮೊದಲು ಕಿತ್ತುಕೊಂಡಿದ್ದು ಇದನ್ನು. ಅದರಲ್ಲಿಯೂ ಏಣಿಯಿದೆ, ಆದರೆ ಅದು ಮಗುವಿಗೂ ಕಾಣುವುದಿಲ್ಲ, ನಿಮಗೂ ಕಾಣುವುದಿಲ್ಲ.

ಎರಡನೆಯದಾಗಿ ಹೋದದ್ದು ಮೂರನೆಯ ಮತ್ತು ನಾಲ್ಕನೆಯ ತಟ್ಟೆಗಳು. ಮೊದಲೆರಡರಲ್ಲಿ ನಿಮ್ಮ ನೆರವಿರುತ್ತದೆ, ಐದನೆಯದರಲ್ಲಿ ಮಗು ಒಂಟಿಯಾಗಿ ಕಲಿಯುತ್ತದೆ. ನಡುವಿನ ಇವೆರಡು ಸಹಪಾಠಿಗಳ ನೆರವಿನವು. ನನ್ನ ಅನುಭವದಲ್ಲಿ ನಲಿ-ಕಲಿಯ ಜೀವಾಳವಿರುವುದು ಈ ಎರಡು ತಟ್ಟೆಗಳಲ್ಲಿಯೇ. ಮೂರನೇ ತರಗತಿಯ ಹುಡುಗ ಒಂದನೇ ತರಗತಿಯವಳಿಗೆ ‘ದ’ಕ್ಕೂ ‘ಧ’ಕ್ಕೂ ಇರುವ ವ್ಯತ್ಯಾಸವನ್ನು ಬೈದು, ಗೋಗರೆದು, ಕೊನೆಗೆ ಅಂಗೈ ಮೇಲೆ ಬರೆದು ತೋರಿಸುವಾಗ ಅವನೂ ಕಲಿಯುತ್ತಿರುತ್ತಾನೆ. ಮಗುವಿಗೊಂದು ಪರದೆ, ಕಿವಿಗೊಂದು ಇಯರ್‌ಫೋನ್ ಎಂದಾದಾಗ ಐದು ತಟ್ಟೆಗಳ ಕೊಠಡಿ ಒಂದೇ ತಟ್ಟೆಯದಾಗುತ್ತದೆ. ನೀವು ಹೇಳಿದ ಮೌನ ಅದೇ.

ಈ ಮಾತನ್ನು ಮೇಲೆ ನಿಂತು ಹೇಳುತ್ತಿಲ್ಲ, ನಾನೇ ಬಿದ್ದ ಹಳ್ಳ ಇದು. ಸುಮಾರು ಹತ್ತು ವರ್ಷಗಳ ಹಿಂದೆ ಇಂಥದೇ ಒಂದು ಆ್ಯಪ್ ಅನ್ನು ಒಂದು ಶಾಲೆಯಲ್ಲಿ ಉತ್ಸಾಹದಿಂದ ಬಳಕೆಗೆ ತಂದಿದ್ದೆ. ವರದಿಯಲ್ಲಿ ಎಲ್ಲ ಮಕ್ಕಳ ಅಂಕವೂ ಏರುತ್ತಿತ್ತು. ಒಂದು ದಿನ ಎರಡನೇ ತರಗತಿಯ ಹುಡುಗಿಯೊಬ್ಬಳ ಹಿಂದೆ ಸದ್ದಿಲ್ಲದೆ ಕುಳಿತು ನೋಡಿದೆ. ಪರದೆಯಲ್ಲಿ ‘7 + 5’ ಬಂತು, ಕೆಳಗೆ ನಾಲ್ಕು ಉತ್ತರಗಳು. ಅವಳು ಲೆಕ್ಕದತ್ತ ನೋಡಲೇ ಇಲ್ಲ. ಮೊದಲನೆಯದನ್ನು ಒತ್ತಿದಳು, ಕೆಂಪು. ಎರಡನೆಯದನ್ನು ಒತ್ತಿದಳು, ಕೆಂಪು. ಮೂರನೆಯದು ಹಸಿರಾಗಿ ಚಪ್ಪಾಳೆಯ ಸದ್ದು ಬಂತು. ‘ಹೇಗೆ ಗೊತ್ತಾಯಿತು?’ ಎಂದು ಕೇಳಿದ್ದಕ್ಕೆ, ದಡ್ಡನೊಬ್ಬನಿಗೆ ವಿವರಿಸುವ ತಾಳ್ಮೆಯಿಂದ, ‘ಹಸಿರು ಬರೋವರೆಗೂ ಒತ್ತಬೇಕು ಸಾರ್’ ಎಂದಳು. ಅವಳು ಏನನ್ನೂ ಕಲಿತಿರಲಿಲ್ಲ ಎನ್ನಲಾರೆ; ಆ ಯಂತ್ರವನ್ನು ಅದನ್ನು ಮಾಡಿದವರಿಗಿಂತ ಚೆನ್ನಾಗಿ ಅರ್ಥಮಾಡಿಕೊಂಡಿದ್ದಳು. ಆದರೆ ಹುಣಿಸೆ ಬೀಜ ಮುಂದಿಟ್ಟರೆ ಏಳಕ್ಕೆ ಐದು ಕೂಡಿಸಲು ಅವಳಿಗೆ ಆಗುತ್ತಿರಲಿಲ್ಲ.

ಹಾಗಾದರೆ ಟ್ಯಾಬ್ ಎಲ್ಲಿ ಬರಬೇಕು? ನಾನು ಇಟ್ಟುಕೊಂಡಿರುವ ಕಟ್ಟುಪಾಡು ಒಂದೇ: ಪ್ರಶ್ನೆ ಮಗುವಿನದಾಗಿರಬೇಕು, ಮತ್ತು ಅದರ ಬೆನ್ನು ಹತ್ತಿದ ಮಗು ಕಣ್ಣು, ಕೈ, ಗೆಳೆಯರು ಈ ಮೂರರಿಂದಲೂ ಮುಂದೆ ಹೋಗಲಾಗದೆ ನಿಂತಾಗ ಟ್ಯಾಬ್ ಕೈಗೆ ಬರಬೇಕು. ಕೇಳಲು ಸುಲಭವಾದ ಈ ಮಾತು ತರಗತಿಯಲ್ಲಿ ಹೇಗೆ ನಡೆಯುತ್ತದೆ ಎಂಬುದನ್ನು ನಮ್ಮ ಜಿಲ್ಲೆಯಲ್ಲಿ ಧಾರಾಳವಾಗಿ ಸಿಗುವ ಒಂದು ವಸ್ತುವಿನಿಂದಲೇ ತೋರಿಸುತ್ತೇನೆ. ಅದು ಮಳೆ.

ಕೊಡಗಿನಲ್ಲಿ ಮಳೆಯನ್ನು ಇಂದಿಗೂ ಇಂಚು-ಸೆಂಟಿನಲ್ಲಿ ಅಳೆಯುತ್ತೇವೆ. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ತೋಟಗಳಲ್ಲಿ ಲೆಕ್ಕ ಬರೆಯುವ ರೈಟರು ಬೆಳಿಗ್ಗೆ ಮಳೆ ಮಾಪಕ ನೋಡಿ ಪುಸ್ತಕದಲ್ಲಿ ಬರೆದಿಡುತ್ತಾರೆ, ಕಾರ್ಮಿಕರ ಲೈನ್ ಮನೆಯ ಮಕ್ಕಳೂ ‘ನಿನ್ನೆ ಎರಡು ಇಂಚು’ ಎಂದು ಮಾತಾಡಿಕೊಳ್ಳುತ್ತಾರೆ. ನಾನು ಹೋಗಿಬರುತ್ತಿದ್ದ ಒಂದು ಶಾಲೆಯಲ್ಲಿ ಜೂನ್ ತಿಂಗಳ ಒಂದು ಬೆಳಿಗ್ಗೆ ಇಬ್ಬರು ಹುಡುಗರ ನಡುವೆ, ಯಾರ ಮನೆಯ ಬಳಿ ಹೆಚ್ಚು ಮಳೆ ಬಂತು ಎಂದು ಜಗಳ ಹತ್ತಿತು. ಶಿಕ್ಷಕಿ ಜಗಳ ಬಿಡಿಸಲು ಹೋಗದೆ, ‘ಹೇಗೆ ತೀರ್ಮಾನ ಮಾಡುವುದು?’ ಎಂದು ಮಾತ್ರ ಕೇಳಿದರು. ಮರುದಿನ ಇಬ್ಬರೂ ತಮ್ಮ ತಮ್ಮ ಅಂಗಳದಲ್ಲಿಟ್ಟ ಪಾತ್ರೆಗಳನ್ನು ಹೊತ್ತು ತಂದರು: ಒಬ್ಬನದು ಅಗಲವಾದ ಬೇಸಿನ್, ಇನ್ನೊಬ್ಬನದು ನೀರಿನ ಬಾಟಲಿ. ಬೇಸಿನ್‌ನಲ್ಲಿ ನೀರು ಹೆಚ್ಚು, ನಿಜ. ಆದರೆ ಅಗಲದ ಪಾತ್ರೆಗೆ ಹೆಚ್ಚು ಮಳೆ ಬೀಳುವುದಿಲ್ಲವೇ? ಈ ಒಂದು ಪ್ರಶ್ನೆ ಮೂರು ದಿನ ನಡೆಯಿತು. ಅಂಚು ನೇರವಾಗಿರುವ ಅಗಲದ ಡಬ್ಬವನ್ನೂ ಕಿರಿದಾದ ಡಬ್ಬವನ್ನೂ ಶಾಲೆಯ ಅಂಗಳದಲ್ಲಿ ಅಕ್ಕಪಕ್ಕದಲ್ಲಿಟ್ಟು, ನೀರಿನ ಎತ್ತರ ಎರಡರಲ್ಲೂ ಒಂದೇ ಇದೆಯೆಂದು ಅಡಿಕೋಲಿನಲ್ಲಿ ಅಳೆದು ಕಂಡುಕೊಂಡಾಗ ಅವರ ಮುಖ ನೋಡಬೇಕಿತ್ತು. ಟ್ಯಾಬ್‌ನಲ್ಲಿ ಹುಡುಕಿದ್ದರೆ ಈ ಉತ್ತರ ಅರ್ಧ ನಿಮಿಷದಲ್ಲಿ ಸಿಗುತ್ತಿತ್ತು, ಮತ್ತು ಮೂರು ದಿನಗಳ ವಿಚಾರ ಅಷ್ಟಕ್ಕೇ ಮುಗಿದುಹೋಗುತ್ತಿತ್ತು.

ಟ್ಯಾಬ್ ಬಂದದ್ದು ಆಮೇಲೆ. ಮಾಪಕವಾಗಿ ಇಟ್ಟ ಡಬ್ಬದ ನೀರಿನ ಮಟ್ಟದ ಬಗ್ಗೆ ಇಬ್ಬರು ಎರಡು ಲೆಕ್ಕ ಹೇಳತೊಡಗಿದಾಗ, ಫೋಟೊ ತೆಗೆದು ದೊಡ್ಡದು ಮಾಡಿ ನೋಡೋಣ ಎಂದು ಒಬ್ಬಳು ಹೇಳಿದಳು. ಅಲ್ಲಿಂದ ಪ್ರತಿದಿನ ಪ್ರಾರ್ಥನೆಗೆ ಮೊದಲು ಒಂದು ಫೋಟೊ, ಪುಸ್ತಕದಲ್ಲಿ ಒಂದು ಸಾಲು. ಕೆಲವು ವಾರಗಳಾದ ಮೇಲೆ ಚೌಕಳಿ ಹಾಳೆಯ ಮೇಲೆ ಕಂಬನಕ್ಷೆ ಬರೆದರು. ಒಂದು ಇಂಚಿಗೆ ಹತ್ತು ಮನೆ ಎಂದು ಲೆಕ್ಕ ಹಾಕಿದ್ದರಿಂದ ಜುಲೈ ಬರುವ ಹೊತ್ತಿಗೆ ಕಂಬಗಳು ಹಾಳೆಯನ್ನು ಮೀರಿದವು; ಮೇಲೊಂದು ಹಾಳೆ ಅಂಟಿಸಿದರು, ಅದೂ ಸಾಲದೆ ಇನ್ನೊಂದು. ಕೊನೆಗೆ ನಕ್ಷೆ ಹೋಗಿ, ಮಕ್ಕಳ ಕೆಲಸಗಳನ್ನು ತೂಗುಹಾಕುವ ಕಲಿಕಾ ಚಪ್ಪರಕ್ಕೆ ತಾಗಿತು. ಇಷ್ಟಾದ ಮೇಲೆ ಶಿಕ್ಷಕಿ ಅವೇ ಅಂಕಿಗಳನ್ನು ಟ್ಯಾಬ್‌ನ ಲೆಕ್ಕದ ಹಾಳೆಯಲ್ಲಿ ವಾರವಾರವಾಗಿ ಹಾಕಿಸಿ, ನಕ್ಷೆಯ ಗುಂಡಿ ಒತ್ತಿಸಿದರು. ಕ್ಷಣದಲ್ಲಿ ಬಣ್ಣಬಣ್ಣದ ನಕ್ಷೆಗಳು ಬಂದವು. ನಾಲ್ಕನೇ ತರಗತಿಯ ಹುಡುಗನೊಬ್ಬ ಎರಡು ವಾರಗಳ ನಕ್ಷೆಗಳನ್ನು ಹಿಂದೆ ಮುಂದೆ ಸರಿಸುತ್ತ, ‘ಮಿಸ್, ಇದು ಸುಳ್ಳು ಹೇಳ್ತಿದೆ’ ಎಂದ. ಮಳೆ ತೀರಾ ಕಡಿಮೆಯಾಗಿ ಕೊಡೆ ಬಿಡಿಸದಿದ್ದ ವಾರದಲ್ಲಿ ಬಿದ್ದ 40 ಸೆಂಟಿನ ಕಂಬವೂ, ಶಾಲೆಗೆ ರಜೆ ಕೊಟ್ಟ ವಾರದ ನಾಲ್ಕು ಇಂಚಿನ ಕಂಬವೂ ಪರದೆಯಲ್ಲಿ ಒಂದೇ ಎತ್ತರಕ್ಕೆ ನಿಂತಿದ್ದವು. ತಂತ್ರಾಂಶ ಪ್ರತಿ ವಾರವೂ ಅಳತೆಪಟ್ಟಿಯನ್ನು ತಾನೇ ಹಿಗ್ಗಿಸಿ ಕುಗ್ಗಿಸಿ, ಅತಿ ಎತ್ತರದ ಕಂಬ ಪರದೆಯನ್ನು ತುಂಬುವಂತೆ ಮಾಡುತ್ತಿತ್ತು. ಪತ್ರಿಕೆಯ ನಕ್ಷೆಗಳನ್ನು ನೋಡಿ ಮೋಸಹೋಗುವ ವಿದ್ಯಾವಂತರು ಬಹಳ ಮಂದಿಯಿದ್ದಾರೆ. ಈ ಹುಡುಗನಿಗೆ ಅದು ಕಂಡದ್ದು ಅವನು ಮೊದಲು ಕೈಯಲ್ಲಿ ನಕ್ಷೆ ಬರೆದು, ಹಾಳೆಯ ಮೇಲೆ ಹಾಳೆ ಅಂಟಿಸಿದ್ದರಿಂದ. ಮೊದಲು ಕೈ, ಆಮೇಲೆ ಯಂತ್ರ ಎಂದು ನಾನು ಹೇಳುವುದರ ಹಿಂದೆ ಇರುವುದು ಇಂಥ ಅನುಭವ.

ಮಳೆಗಾಲ ಕಳೆದ ಮೇಲೆ ಫೆಬ್ರವರಿ-ಮಾರ್ಚ್‌ನಲ್ಲಿ ಹೂಮಳೆಗೆ ಕಾಯುವ ಹೊತ್ತಿಗೆ ಇನ್ನೊಂದು ಕೆಲಸವಿದೆ. ರೊಬಸ್ಟಾ ಕಾಫಿ ಗಿಡದ ಮೊಗ್ಗುಗಳು ಮಳೆ ಬೀಳುವವರೆಗೆ ಕಡ್ಡಿಯಂತೆ ಸುಮ್ಮನಿದ್ದು, ಬಿದ್ದ ಎಂಟು ಹತ್ತು ದಿನಗಳಲ್ಲಿ ಅರಳುತ್ತವೆ. ಶಾಲೆಯ ಹತ್ತಿರದ ಗಿಡದ ಒಂದೇ ರೆಕ್ಕೆಯನ್ನು (ಕೊಂಬೆಯನ್ನು) ದಿನವೂ ಅದೇ ಹೊತ್ತಿಗೆ, ಅದೇ ದೂರದಿಂದ ಫೋಟೊ ತೆಗೆದು ಸಾಲಾಗಿ ಜೋಡಿಸಿದರೆ, ಕಣ್ಣು ಒಟ್ಟಿಗೆ ನೋಡಲಾರದ ಹತ್ತು ದಿನಗಳು ಒಂದೇ ನೋಟದಲ್ಲಿ ಕಾಣುತ್ತವೆ. ಇಂಥ ಕಡೆ ಟ್ಯಾಬ್‌ಗೆ ಸಮನಾದ ಬೇರೆ ಸಾಧನ ನಮ್ಮ ಶಾಲೆಗಳಲ್ಲಿ ಇಲ್ಲ.

ಧ್ವನಿಮುದ್ರಣದ ವಿಷಯಕ್ಕೆ ಬರುತ್ತೇನೆ. ಕೊಡಗಿನ ಶಿಕ್ಷಕರಿಗೆ ಇದು ಕ್ಯಾಮೆರಾಕ್ಕಿಂತಲೂ ಮುಖ್ಯವೆಂಬುದು ನನ್ನ ಅಭಿಪ್ರಾಯ. ನಿಮ್ಮ 16 ಮಕ್ಕಳಲ್ಲಿ ಮನೆಯಲ್ಲಿ ಕನ್ನಡವನ್ನೇ ಆಡುವವರು ಎಷ್ಟು ಮಂದಿ ಎಂದು ಒಮ್ಮೆ ಎಣಿಸಿ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಎರವರ ಮತ್ತು ಜೇನುಕುರುಬರ ನುಡಿಗಳು, ಈಚಿನ ವರ್ಷಗಳಲ್ಲಿ ಅಸ್ಸಾಂ ಕಡೆಯಿಂದ ತೋಟದ ಕೆಲಸಕ್ಕೆ ಬಂದವರ ಮಾತು, ಎಲ್ಲವೂ ಒಂದೇ ಕೊಠಡಿಯಲ್ಲಿರಬಹುದು. ಯುನೆಸ್ಕೊದ ಪಟ್ಟಿಯಲ್ಲಿ ಕೊಡವ ಭಾಷೆಯೇ ಅಳಿವಿನ ಅಂಚಿನ ಭಾಷೆಗಳ ಸಾಲಿನಲ್ಲಿದೆ; ಉಳಿದ ಸಣ್ಣ ನುಡಿಗಳ ಸ್ಥಿತಿಯನ್ನು ನೀವೇ ಊಹಿಸಿಕೊಳ್ಳಬಹುದು. ಇಲ್ಲಿ ಬಾಯಿ ಬಿಡದ ಮಗುವನ್ನು ನಾವು ಹಿಂದುಳಿದ ಮಗುವೆಂದು ಬರೆದುಬಿಡುತ್ತೇವೆ. ಆ ಮಗುವಿನ ಕೈಗೆ ಟ್ಯಾಬ್ ಕೊಟ್ಟು, ‘ನಿಮ್ಮ ಅಜ್ಜಿ ಹೇಳುವ ಕಥೆಯನ್ನು ನಿನ್ನ ಮಾತಿನಲ್ಲಿಯೇ ಹೇಳಿ ತುಂಬಿಸು’ ಎಂದು ಹೇಳಿ ನೋಡಿ. ಅದಕ್ಕೆ ಚಿತ್ರ ಬಿಡಿಸುವವರು ಬೇರೆ ಮಕ್ಕಳು, ಕನ್ನಡಕ್ಕೆ ತಂದು ಹೇಳಲು ಎರಡೂ ಭಾಷೆ ಬಲ್ಲ ಒಬ್ಬ ಗೆಳೆಯ. ಆ ಹೊತ್ತಿನಲ್ಲಿ ಮಗು ಗುರುವಿನ ಸ್ಥಾನದಲ್ಲಿರುತ್ತದೆ, ನೀವೂ ನಾನೂ ಶಿಷ್ಯರು. ಮುದ್ರಿಸಿದ ತನ್ನ ದನಿಯನ್ನು ತಾನೇ ಕೇಳಿಸಿಕೊಂಡು, ತೃಪ್ತಿಯಾಗದೆ ಅಳಿಸಿ ಮತ್ತೆ ಹೇಳುವ ಮಗು ಯಾರ ಒತ್ತಾಯವೂ ಇಲ್ಲದೆ ತನ್ನ ಕೆಲಸವನ್ನು ತಿದ್ದಿಕೊಳ್ಳುತ್ತಿರುತ್ತದೆ.

ಕೋಡಿಂಗ್ ಬಗ್ಗೆ ನೀವು ಕೇಳಿಲ್ಲ, ಆದರೆ ಪೋಷಕರು ನಾಳೆ ಕೇಳುತ್ತಾರೆ. ಮಕ್ಕಳಿಗಾಗಿ ಲೋಗೊ ಎಂಬ ಭಾಷೆಯನ್ನು 1967ರಲ್ಲಿ ರೂಪಿಸಿದವರಲ್ಲಿ ಪ್ರಮುಖರಾದ ಸೆಮೂರ್ ಪ್ಯಾಪರ್ಟ್, ಕಂಪ್ಯೂಟರ್ ಮಗುವನ್ನು ನಡೆಸುವ ಬದಲು ಮಗು ಕಂಪ್ಯೂಟರನ್ನು ನಡೆಸಬೇಕೆಂದು ವಾದಿಸಿದವರು. ಆ ಭಾಷೆಯಲ್ಲಿ ಒಂದು ಆಮೆಗೆ ‘ಮುಂದೆ ಹೋಗು’, ‘ಬಲಕ್ಕೆ ತಿರುಗು’ ಎಂದು ಆಜ್ಞೆ ಕೊಟ್ಟು ಚಿತ್ರ ಬರೆಸುತ್ತಾರೆ. ಇದಕ್ಕೆ ಮೊದಲು ಬೇಕಾದದ್ದು ಅಂಗಳ. ಒಬ್ಬ ಮಗು ಆಮೆಯಾಗಲಿ, ಉಳಿದವರು ಆಜ್ಞೆ ಕೊಡಲಿ, ಹೇಳಿದ್ದನ್ನು ಮಾತ್ರ ಮಾಡಬೇಕೆಂಬುದು ನಿಯಮ. ಚೌಕ ಬರಬೇಕಾದಲ್ಲಿ ಆಮೆ ಹೋಗಿ ಬೇಲಿಗೆ ತಾಗಿದಾಗ ತಪ್ಪು ಯಾವ ಆಜ್ಞೆಯಲ್ಲಿದೆ ಎಂದು ಅವರೇ ಹುಡುಕುತ್ತಾರೆ. ಎರಡು ಮೂರು ವಾರ ಹೀಗೆ ಆಡಿದ ಮೇಲೆ ಐದರಿಂದ ಏಳು ವರ್ಷದವರಿಗೆಂದೇ ಮಾಡಿರುವ ಸ್ಕ್ರ್ಯಾಚ್ ಜೂನಿಯರ್ ಅನ್ನು ತೆರೆಯಿರಿ. ಅದರ ಆಜ್ಞೆಗಳೆಲ್ಲ ಚಿತ್ರಗಳಲ್ಲಿವೆ, ಅಕ್ಷರ ಬಾರದ ಮಗುವೂ ಬಳಸಬಹುದು, ಉಚಿತ, ಒಮ್ಮೆ ಹಾಕಿಕೊಂಡರೆ ಅಂತರ್ಜಾಲವೂ ಬೇಡ. ಕೊನೆಯದು ನಮಗೆ ಎಷ್ಟು ದೊಡ್ಡ ಅನುಕೂಲವೆಂದು ಬಿಡಿಸಿ ಹೇಳಬೇಕಿಲ್ಲ. 2021ರ ಸುಮಾರಿಗೆ ನೆಟ್‌ವರ್ಕ್ ಸಿಗಲೆಂದು ಮರದ ಮೇಲೆ ಅಟ್ಟಣಿಗೆ ಕಟ್ಟಿಕೊಂಡು ಆನ್‌ಲೈನ್ ಪಾಠ ಮಾಡಿದ ಶಿಕ್ಷಕರು ನಿಮ್ಮ ತಾಲ್ಲೂಕಿನವರೇ.

ಒಂದು ಟ್ಯಾಬ್‌ಗೆ ಮೂರು ನಾಲ್ಕು ಮಕ್ಕಳಿರಲಿ. ಎಂಟೂ ಹೊರಗೆ ಬರುವ ಅಗತ್ಯವಿಲ್ಲ, ನಲಿ-ಕಲಿ ಕೊಠಡಿಗೆ ಎರಡು ಸಾಕು, ಉಳಿದವು ನಾಲ್ಕು-ಐದನೇ ತರಗತಿಗೆ ಹೋಗಲಿ. 1999ರಲ್ಲಿ ಸುಗತ ಮಿತ್ರ ಅವರು ದೆಹಲಿಯ ಕಾಲ್ಕಾಜಿಯಲ್ಲಿ ಗೋಡೆಗೆ ಕಂಪ್ಯೂಟರ್ ಕೂರಿಸಿ ಕೊಳೆಗೇರಿಯ ಮಕ್ಕಳ ಮುಂದೆ ಬಿಟ್ಟ ಪ್ರಯೋಗ ಹೆಸರುವಾಸಿಯಾಗಿದೆ. ಶಿಕ್ಷಕರಿಲ್ಲದೆಯೂ ಕಲಿಕೆ ನಡೆಯುತ್ತದೆ ಎಂದು ಅದರಿಂದ ಹೊರಡಿಸಿದ ತೀರ್ಮಾನ ನನಗೆ ಒಪ್ಪಿಗೆಯಿಲ್ಲ. ಆದರೆ ಒಂದೇ ಪರದೆಯ ಮುಂದೆ ಹೆಗಲಿಗೆ ಹೆಗಲು ತಾಗಿಸಿ ನಿಂತು ಒಬ್ಬರಿಗೊಬ್ಬರು ಹೇಳಿಕೊಡುತ್ತಿದ್ದ ಮಕ್ಕಳ ಚಿತ್ರವನ್ನು ಮರೆಯಬಾರದು. ಟ್ಯಾಬ್‌ಗಳು ಕಡಿಮೆಯಿರುವುದು ನಮ್ಮ ಶಾಲೆಗಳಲ್ಲಿ ಕೊರತೆಯೇ ಆಗಬೇಕಿಲ್ಲ. ಹೊತ್ತಿನ ಬಗ್ಗೆ ಹೇಳುವುದಾದರೆ, ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದಿದೆ. ನಿಮ್ಮ ಮಕ್ಕಳು ಅದಕ್ಕಿಂತ ದೊಡ್ಡವರು. ಆದರೂ ಒಂದು ತಂಡದ ಕೈಯಲ್ಲಿ ಒಮ್ಮೆಗೆ 20 ನಿಮಿಷಕ್ಕಿಂತ ಹೆಚ್ಚು ಟ್ಯಾಬ್ ಇದ್ದರೆ ನಾನು ಹತ್ತಿರ ಹೋಗಿ ಏನು ನಡೆಯುತ್ತಿದೆ ಎಂದು ನೋಡುತ್ತಿದ್ದೆ. ಟಿ.ವಿ.ಯನ್ನು ನಲಿ-ಕಲಿ ಕೊಠಡಿಯಲ್ಲಿ ಇಡಬೇಡಿ. ಮಕ್ಕಳು ವೃತ್ತಾಕಾರದಲ್ಲಿ ಕೂರುವ ಕೊಠಡಿಗೆ ಟಿ.ವಿ. ಒಂದು ಮುಖವನ್ನು ತಂದುಬಿಡುತ್ತದೆ, ಎಲ್ಲರೂ ಅತ್ತ ತಿರುಗುತ್ತಾರೆ.

ಜುಲೈ-ಆಗಸ್ಟ್‌ನಲ್ಲಿ ಬರುವ ಕಕ್ಕಡ ತಿಂಗಳ ತೇವದಲ್ಲಿ ಟ್ಯಾಬ್‌ಗಳನ್ನು ಕಬ್ಬಿಣದ ಬೀರುವಿನಲ್ಲಿಟ್ಟರೆ ಬೂಷ್ಟು ಹಿಡಿಯುತ್ತದೆ. ಬಿಗಿ ಮುಚ್ಚಳದ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣಗಳೊಂದಿಗೆ ಇಡಿ, ರಜೆಯಲ್ಲಿ ಬ್ಯಾಟರಿಯನ್ನು ಅರ್ಧದಷ್ಟು ತುಂಬಿಸಿ ಇಡಿ.

ಇನ್ನು ಪೋಷಕರು. ‘ಕಂಪ್ಯೂಟರ್ ಯುಗದಲ್ಲಿ ನಮ್ಮ ಮಕ್ಕಳು ಹಿಂದೆ ಬೀಳಬಾರದು’ ಎಂಬ ಅವರ ಆತಂಕ ನ್ಯಾಯವಾದದ್ದು, ಅದನ್ನು ಹಗುರವಾಗಿ ಕಾಣಬೇಡಿ. ಆದರೆ ಪರದೆ ಉಜ್ಜುವುದನ್ನು ಶಾಲೆ ಕಲಿಸಬೇಕಾಗಿಲ್ಲ. ಗ್ರಾಮೀಣ ಭಾರತದ 14ರಿಂದ 16 ವರ್ಷದವರಲ್ಲಿ ಶೇ 80ಕ್ಕೂ ಹೆಚ್ಚು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ ಎಂದು ಗ್ರಾಮೀಣ ಮಕ್ಕಳ ಕಲಿಕೆಯ ಸ್ಥಿತಿಗತಿಯನ್ನು ಅಳೆಯುವ ‘ಅಸರ್’ ಸಮೀಕ್ಷೆ 2024ರಲ್ಲಿ ಹೇಳಿದೆ. ಅವರಲ್ಲಿ ಸಮೀಕ್ಷೆಗೆ ಹಿಂದಿನ ವಾರ ಅದನ್ನು ಓದಿಗೆ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76. ಫೋನ್ ಹಿಡಿಯಲು ಅವರು ತಾವಾಗಿಯೇ ಕಲಿಯುತ್ತಾರೆ, ಅದರಿಂದ ಕೆಲಸ ತೆಗೆಯುವುದಕ್ಕೆ ಮಾತ್ರ ಕಲಿಸುವವರು ಬೇಕು. ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ನೀವು ಭಾಷಣ ಮಾಡುವ ಬದಲು ಮಕ್ಕಳೇ ಮಳೆಯ ನಕ್ಷೆಯನ್ನು ಬಿಚ್ಚಿ ವಿವರಿಸಲಿ. ತೋಟದಲ್ಲಿ ದುಡಿಯುವ ತಂದೆ ತಾಯಂದಿರಿಗೆ ಇಂಚು-ಸೆಂಟಿನ ಲೆಕ್ಕ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ, ಅವರೂ ಬಾಯಿ ಹಾಕುತ್ತಾರೆ. ಅಂಥ ಸಭೆಯಲ್ಲಿ ಆ್ಯಪ್ ಎಲ್ಲಿ ಹೋಯಿತು ಎಂದು ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ.

ದಾನಿಗಳ ವಿಷಯ ಸ್ವಲ್ಪ ಸೂಕ್ಷ್ಮ. ಕೊಟ್ಟವರಿಗೆ ಟ್ಯಾಬ್ ಹಿಡಿದ ಮಕ್ಕಳ ಫೋಟೊ ಬೇಕಾಗಿರುತ್ತದೆ, ಅದು ಸಹಜ. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಅವರ ವಿವರಗಳನ್ನು ಬಳಸಲು ಪೋಷಕರ ಒಪ್ಪಿಗೆ ಬೇಕು, ಅವರ ವರ್ತನೆಯನ್ನು ಬೆನ್ನುಹತ್ತಿ ದಾಖಲಿಸುವುದೂ ಅವರನ್ನೇ ಗುರಿಮಾಡಿ ಜಾಹೀರಾತು ತೋರಿಸುವುದೂ ಸಲ್ಲದು. ಶಾಲೆಗಳಿಗೆ ನಿಯಮಗಳಲ್ಲಿ ಕೆಲವು ವಿನಾಯಿತಿಗಳಿವೆಯಾದರೂ, ಖಾತೆ ತೆರೆಯಬೇಕಾದ ಯಾವ ಆ್ಯಪ್‌ನಲ್ಲಿಯೂ ಮಗುವಿನ ನಿಜವಾದ ಹೆಸರು, ಫೋಟೊ, ಮನೆಯವರ ಫೋನ್ ಸಂಖ್ಯೆ ಕೊಡಬೇಡಿ. ಈಗಾಗಲೇ ಕೊಟ್ಟಿದ್ದರೆ, ಆ ಆ್ಯಪ್ ಅನ್ನು ಟ್ಯಾಬ್‌ನಿಂದ ತೆಗೆಯುವ ಮೊದಲು ಖಾತೆಗಳನ್ನು ಅಳಿಸಿ. ಆ್ಯಪ್ ತೆಗೆದರೆ ಖಾತೆ ತಾನಾಗಿ ಹೋಗುವುದಿಲ್ಲ. ದಾನಿಗಳಿಗೆ ಮಕ್ಕಳ ಮುಖಗಳ ಬದಲು ಮಳೆಯ ನಕ್ಷೆಯ ಫೋಟೊವನ್ನೂ, ಆ ಹುಡುಗ ಹಿಡಿದ ತಪ್ಪಿನಂಥ ಒಂದು ಸಂಗತಿಯನ್ನೂ ಬರೆದು ಕಳುಹಿಸಿ. ಜೊತೆಗೆ ಅವರ ತೋಟದ ಹಳೆಯ ಮಳೆ ಪುಸ್ತಕವನ್ನು ಒಂದು ವಾರದ ಮಟ್ಟಿಗೆ ಶಾಲೆಗೆ ಕೊಡಬಹುದೇ ಎಂದು ಕೇಳಿ. ಅದರ ಪುಟಗಳನ್ನು ಮಕ್ಕಳು ಜೋಪಾನವಾಗಿ ಫೋಟೊ ತೆಗೆದುಕೊಂಡು ಹಿಂದಿರುಗಿಸಲಿ. ಮಕ್ಕಳ ಅಜ್ಜಂದಿರು ಶಾಲೆಗೆ ಹೋಗುತ್ತಿದ್ದ ವರ್ಷದ ಜುಲೈ ಅದರಲ್ಲಿದ್ದರೆ, ಮುಂದಿನ ಪ್ರಶ್ನೆಗಾಗಿ ನೀವು ಬಹಳ ಕಾಯಬೇಕಾಗುವುದಿಲ್ಲ.